ಮೊದಲ ಮಳೆಯಲ್ಲೇ ನೀರು ಪರೀಕ್ಷಿಸಿ

ಮುಂಗಾರಿನಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರಿನ ಗಣಿಗುಡ್ಡಗಳಿಂದ ಇಳಿಯುವ ಹಳ್ಳದ ನೀರನ್ನು ಬೊಗಸೆಯಲ್ಲಿ ಹಿಡಿದರೆ, ಬೆರಳ ಸಂದಿಯಲ್ಲಿ ಕೆಂಪು ಅದಿರಿನ ಪುಡಿ ಉಳಿಯುತ್ತದೆ. ನಮ್ಮ ನಾರಿಹಳ್ಳ ಜಲಾಶಯಕ್ಕೆ ಈ ಹೂಳು ಸೇರಬಾರದು.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರು ಮಾಡಲು ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ಅದರಲ್ಲಿ ಚೆಕ್ ಡ್ಯಾಂ, ತಡೆಗೋಡೆ, ಡಂಪ್ (ಗಣಿ ತ್ಯಾಜ್ಯದ ರಾಶಿ) ಸುತ್ತ ಕಾಲುವೆ, ಹೂಳು ತಂಗುವ ಹೊಂಡ ಇವೆಲ್ಲ ಇವೆ. ಒಳ್ಳೆಯದೇ. ಆದರೆ ತುಂಬಿದ ಹೊಂಡದ ಹೂಳು ತೆಗೆಯದಿದ್ದರೆ ಅದು ಇದ್ದೂ ಇಲ್ಲದ ಹಾಗೆ, ಅಲ್ವಾ?

1974ರ ಜಲ ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿ ಗಣಿಗಳಿಗೆ ಕೊಡುವ ಒಪ್ಪಿಗೆ ಪತ್ರಕ್ಕೆ ಷರತ್ತು ಹಾಕಬಹುದು. ಮಳೆಗಾಲಕ್ಕೆ ಮುಂಚೆ ಹೊಂಡ ಖಾಲಿ ಇರಲಿ. ಜೋರು ಮಳೆ ಸುರಿಯುವಾಗಲೇ ಮಾದರಿ ತೆಗೆಯಲಿ. ಬೇಸಿಗೆಯ ತಿಳಿನೀರು ಪರೀಕ್ಷಿಸಿ ಏನು ಪ್ರಯೋಜನ? ಫಲಿತಾಂಶವನ್ನು ಪಂಚಾಯಿತಿ ಬೋರ್ಡಿಗೆ ಹಚ್ಚಲಿ.