ಎರಡಾಣೆ ಬ್ಯಾಡ

ಸೋಮವಾರ ಸಂಜೆ ಮಗಳು ಟೆಸ್ಟ್ ಪೇಪರ್ ನನ್ನ ಮುಂದೆ ಇಟ್ಟು, ಮುಖ ಊದಿಸಿಕೊಂಡು ಕೂತಳು. 13ನ್ನು ಬೈನರಿಯಲ್ಲಿ, ಅಂದರೆ ಬರೀ 0 ಮತ್ತು 1 ಬಳಸಿ, ಬರೆಯಬೇಕಿತ್ತು. ಎರಡರಿಂದ ಭಾಗಿಸುತ್ತಾ ಹೋಗಿದ್ದಾಳೆ. ಶೇಷ 1, 0, 1, 1. ಎಲ್ಲ ಸರಿಯಾಗೇ ಇದೆ. ಆದರೆ ಮೇಲಿಂದ ಓದಿ 1011 ಅಂತ ಬರೆದಿದ್ದಾಳೆ. ಅದು 11 ಆಗುತ್ತೆ. ಕೆಳಗಿಂದ ಓದಿದ್ದರೆ 1101 ಬರುತ್ತಿತ್ತು.

"ಯಾಕೆ ಕೆಳಗಿಂದ ಓದ್ಬೇಕು?" ಅಂತ ಕೇಳಿದ್ದಕ್ಕೆ ಮಿಸ್ಸು, "ಅದು ರೂಲು, ಬಾಯಿಪಾಠ ಮಾಡ್ಕೋ" ಅಂದರಂತೆ. ಮಾರ್ಕ್ಸ್ ಹೋಗಿದ್ದಕ್ಕಿಂತ ಈ ಮಾತಿಗೇ ನನಗೆ ಸಿಟ್ಟು ಬಂತು. ಅಷ್ಟು ಒಳ್ಳೇ ಪ್ರಶ್ನೆ ಕೇಳಿದ ಮಗುವಿಗೆ ಎರಡು ನಿಮಿಷ ಕೊಡಬಾರದಾ?

ನಾನೇ ಹೇಳಿಕೊಡೋಕೆ ಕೂತೆ. ಬಲತುದಿಯ ಮನೆಗೆ ಬೆಲೆ ಒಂದು, ಅದರ ಎಡಕ್ಕೆ ಎರಡು, ಆಮೇಲೆ ನಾಲ್ಕು, ಎಂಟು. ಒಂದೊಂದನ್ನೂ ಹೆಚ್ಚೆಂದರೆ ಒಂದು ಸಲ ಬಳಸಬಹುದು, ಬೇಡದಿದ್ದರೆ ಬಿಡಬಹುದು. ಅವಳ ಮುಖ ಸಡಿಲ ಆಗಲಿಲ್ಲ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆ ಎತ್ತದೇ ಕೇಳಿದಳು, "ಆಣೆ ಲೆಕ್ಕ ಅಲ್ವೇನವ್ವ ಅದು?"

ಇಬ್ಬರೂ ತಿರುಗಿ ನೋಡಿದೆವು.

"ಹದಿಮೂರಾಣೆ ಕೊಡ್ಬೇಕು ಅಂದ್ರೆ ಎಂಟಾಣೆ ಒಂದು, ನಾಲ್ಕಾಣೆ ಒಂದು, ಒಂದಾಣೆ ಒಂದು. ಎರಡಾಣೆ ಬ್ಯಾಡ ಕಣವ್ವ."

ಮೊರದ ಅಂಚಿನಲ್ಲಿ ನಾಲ್ಕು ಕಾಳು ಸಾಲಾಗಿ ಇಟ್ಟಳು. ಮೂರನೆಯದನ್ನು ಬೆರಳಿಂದ ಪಕ್ಕಕ್ಕೆ ತಳ್ಳಿದಳು. ಮಗಳು ಆ ಖಾಲಿ ಜಾಗವನ್ನೇ ನೋಡಿದಳು. "ಅಲ್ಲಿ ಸೊನ್ನೆ!" ಅಂದಳು.

ಉಳಿದದ್ದು ತಾನಾಗೇ ಬಿಡಿಸಿಕೊಂಡಿತು. ಹದಿಮೂರನ್ನು ಜೋಡಿ ಮಾಡಿದರೆ ಆರು ಜೋಡಿ, ಒಂಟಿಯಾಗಿ ಉಳಿಯೋದು ಒಂದಾಣೆ. ಮೊದಲು ಸಿಕ್ಕರೂ ಅದರ ಜಾಗ ಬಲತುದಿ. ಆ ಜೋಡಿಗಳನ್ನೂ ಹೀಗೇ ಜೋಡಿ ಮಾಡುತ್ತಾ ಹೋದರೆ ಎಂಟಾಣೆ ಸಿಗೋದು ಕಟ್ಟಕಡೆಗೆ, ಅದು ಎಡತುದಿಗೆ. ಅದಕ್ಕೇ ಕೆಳಗಿಂದ ಓದೋದು. ನಾನು ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು. ನನಗೂ ಇದನ್ನು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅವ್ವ ಓದಿದ್ದು ನಾಲ್ಕನೇ ಕ್ಲಾಸು. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದಲ್ಲಿ ಪಾಂಡವಪುರದ ಕಡೆ ಹಳ್ಳಿಯಲ್ಲಿ ಅಂಗಡಿಗೆ ಓಡಾಡಿದ ಹುಡುಗಿ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು, ರೂಪಾಯಿಗೆ ನೂರು ಪೈಸೆ ಆಯಿತು. ಹಳೇ ಲೆಕ್ಕ ಅವಳ ತಲೆಯಲ್ಲಿ ಹಾಗೇ ಉಳಿದಿದೆ.

ಮೂರು ದಿನದಿಂದ ಆ ಬೆರಳು ಕಾಳನ್ನು ತಳ್ಳಿದ್ದೇ ಕಣ್ಣ ಮುಂದೆ ಬರುತ್ತಿದೆ. "ಎರಡಾಣೆ ಬ್ಯಾಡ ಕಣವ್ವ." ಎಷ್ಟು ಹಗುರವಾಗಿ ಅಂದಳು! ಮಂಡ್ಯಕ್ಕೆ ಕರಕೊಂಡು ಬಂದಾಗಿನಿಂದ ಅವಳ ಪಾಸ್‌ಬುಕ್ ನನ್ನ ಬೀರುವಿನಲ್ಲೇ ಇದೆ. ಪೆನ್ಷನ್ ಎಷ್ಟು ಬಂತು ಅಂತ ಕೇಳಿದರೆ, "ನಾನು ನೋಡ್ಕೋತೀನಿ ಬಿಡವ್ವ" ಅಂದಿದ್ದೇನೆ. ಅಣ್ಣನಂತೂ ಹೊಲ ಮಾರುವಾಗ ಅವಳನ್ನು ಒಂದು ಮಾತು ಕೇಳಲಿಲ್ಲ. "ಅವ್ವಂಗೆ ಲೆಕ್ಕ ಎಲ್ಲಿ ಗೊತ್ತಾಗುತ್ತೆ" ಅಂದ. ಅವತ್ತು ನಾನೂ ತಲೆ ಆಡಿಸಿದ್ದೆ. ಅದು ಈಗ ತುಂಬಾ ಚುಚ್ಚುತ್ತಿದೆ. ನಿನ್ನೆ ಪಾಸ್‌ಬುಕ್ ತೆಗೆದು ಅವಳ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನೋಡಿದಳು.

ರಾತ್ರಿ ಊಟ ಆದಮೇಲೆ ಮಗಳು ಕೇಳಿದಳು, "ಅಜ್ಜಿ, ಇಪ್ಪತ್ತಾಣೆ?"

"ಒಂದು ರೂಪಾಯಿ, ನಾಲ್ಕಾಣೆ."

ಮಗಳು 10100 ಅಂತ ಬರೆದು, ಒಂದೊಂದು ಸೊನ್ನೆ ಮೇಲೂ ಪೆನ್ಸಿಲ್ ಇಟ್ಟು ಓದಿದಳು. "ಎಂಟಾಣೆ ಬ್ಯಾಡ. ಎರಡಾಣೆ ಬ್ಯಾಡ. ಒಂದಾಣೆ ಬ್ಯಾಡ."