ಚಾಮಯ್ಯ ಮೇಷ್ಟ್ರ ಮೇಲೊಂದು ತಕರಾರು

ಪುಟ್ಟಣ್ಣ ಕಣಗಾಲರ 1972ರ ಸಿನಿಮಾ ‘ನಾಗರಹಾವು’ 2018ರ ಜುಲೈನಲ್ಲಿ ಹೊಸ ರೂಪದಲ್ಲಿ ಮತ್ತೆ ಬಿಡುಗಡೆಯಾದಾಗ ಮನೆಮಂದಿಗೆಲ್ಲ ಅಪ್ಪನೇ ಟಿಕೆಟ್ ತಂದಿದ್ದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವರು ಅವರು. 1973ರಲ್ಲಿ, ಇದೇ ಮೈಸೂರಿನಲ್ಲಿ ಪಿಯುಸಿ ಓದುತ್ತಿದ್ದಾಗ, ಈ ಸಿನಿಮಾವನ್ನು ನಾಲ್ಕು ಸಲ ನೋಡಿದ್ದರು. “ಚಾಮಯ್ಯ ಮೇಷ್ಟ್ರನ್ನ ನೋಡೇ ನಾನು ಮೇಷ್ಟ್ರಾಗಿದ್ದು” ಅನ್ನುವ ಅವರ ಮಾತನ್ನು ಕೇಳಿಕೊಂಡೇ ನಾನೂ ಅಕ್ಕನೂ ಬೆಳೆದೆವು.

ಥಿಯೇಟರಿನಲ್ಲಿ ನನ್ನಷ್ಟೇ ವಯಸ್ಸಿನವರು, ಅಪ್ಪನ ವಯಸ್ಸಿನವರು, ಮೊಮ್ಮಕ್ಕಳನ್ನು ಕರೆತಂದ ಅಜ್ಜಿಯರು. ಚಿತ್ರದುರ್ಗದ ಬಂಡೆಗಳು ತೆರೆಯ ತುಂಬ ಹರಡಿಕೊಂಡಾಗ ಅಪ್ಪ ಕುರ್ಚಿಯ ತುದಿಗೆ ಸರಿದು ಕೂತರು. ಜಲೀಲನಾಗಿ ಅಂಬರೀಶ್ ಬಂದು “ಬುಲ್ ಬುಲ್ ಮಾತಾಡಕಿಲ್ವಾ” ಅಂದಾಗ ಇಡೀ ಹಾಲ್ ಶಿಳ್ಳೆ ಹೊಡೆಯಿತು. ನಾನೂ ಚಪ್ಪಾಳೆ ತಟ್ಟಿದೆ. ಪಕ್ಕದಲ್ಲಿದ್ದ ಅಕ್ಕನ ಮಗಳು ಮಾತ್ರ ಕೈಕಟ್ಟಿ ಕೂತಿದ್ದಳು. ಆಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದ ಹುಡುಗಿ.

ಸಿನಿಮಾ ಮುಗಿಸಿ ಹೋಟೆಲಿನಲ್ಲಿ ಮಸಾಲೆ ದೋಸೆಗೆ ಹೇಳಿ ಕೂತಾಗ ಅವಳು ಬಾಯಿಬಿಟ್ಟಳು. “ತಾತ, ಬೇಜಾರು ಮಾಡ್ಕೋಬೇಡಿ. ಈ ಸಿನಿಮಾನ ಜನ ಅತಿಯಾಗಿ ಹೊಗಳಿಬಿಟ್ಟಿದ್ದಾರೆ. ಇದ್ರಲ್ಲಿ ನಿಜವಾದ ವಿಲನ್ ಜಲೀಲ್ ಅಲ್ಲ, ಚಾಮಯ್ಯ ಮೇಷ್ಟ್ರು.”

ಅಪ್ಪ ನೀರಿನ ಲೋಟ ಕೆಳಗಿಟ್ಟರು. “ಏನಮ್ಮ ಹಾಗಂದ್ರೆ?”

ಅವಳಿಗೆ ಎಲ್ಲ ಸ್ಪಷ್ಟವಿತ್ತು. ಕಥಾನಾಯಕ ರಾಮಾಚಾರಿ, ಕಾಲೇಜಿನ ಪ್ರಿನ್ಸಿಪಾಲರನ್ನೇ ರಾತ್ರೋರಾತ್ರಿ ಕಂಬಕ್ಕೆ ಕಟ್ಟಿಹಾಕುವ ಹುಡುಗ. ಅಂಥವನು ಊರಿನಲ್ಲಿ ತಲೆಬಾಗುವುದು ಮೇಷ್ಟ್ರೊಬ್ಬರಿಗೇ. ಆ ಒಂದು ಎಳೆಯನ್ನು ಹಿಡಿದೇ ಮೇಷ್ಟ್ರು ಅವನು ಪ್ರೀತಿಸಿದ ಅಲಮೇಲುವನ್ನು (ಆರತಿ ಮಾಡಿದ ಪಾತ್ರ) ಬಿಟ್ಟುಕೊಡುವಂತೆ ಅವನನ್ನು ಒಪ್ಪಿಸುತ್ತಾರೆ. “ಅಲಮೇಲು ಹತ್ರ ಹೋಗಿ, ನಿಂಗೇನು ಬೇಕಮ್ಮ ಅಂತ ಒಂದ್ಸಲ ಕೇಳಬಹುದಿತ್ತಲ್ವಾ ತಾತ? ಕೊನೆಗೆ ಅವಳ ಗತಿ ಏನಾಯ್ತು? ಹೋಟೆಲ್ ರೂಮಲ್ಲಿ ಮೈಮಾರೋ ಸ್ಥಿತೀಲಿ ಸಿಗ್ತಾಳೆ. ಅಷ್ಟಾದ್ಮೇಲೂ, ಅವನು ಆಮೇಲೆ ಪ್ರೀತಿಸಿದ ಮಾರ್ಗರೆಟ್ ವಿಷಯದಲ್ಲಿ ಮತ್ತೆ ಅದೇ ಹಟ.”

ಅಪ್ಪ ಬಿಡಲಿಲ್ಲ. ಆ ಕಾಲ, ಆ ಊರು, ಆ ಮನೆತನ ಅಂತ ಹೇಳಿದರು. ಮಕ್ಕಳಿಲ್ಲದ ಮೇಷ್ಟ್ರಿಗೂ ಅವರ ಹೆಂಡತಿ ತುಂಗಮ್ಮನಿಗೂ ರಾಮಾಚಾರಿ ಮಗನೇ, ಮಗನ ಮೇಲೆ ಹಕ್ಕಿಲ್ಲವೇ ಅಂದರು. ರಾಮಾಚಾರಿಯಾಗಿದ್ದ ವಿಷ್ಣುವರ್ಧನ್ ತೀರಿಕೊಂಡ 20 ದಿನದೊಳಗೆ ಮೇಷ್ಟ್ರಾಗಿದ್ದ ಅಶ್ವಥ್ ಕೂಡ ಹೋದರಲ್ಲ, ಆಗ ಊರಿಗೆ ಊರೇ ಗುರು ಶಿಷ್ಯರು ಒಟ್ಟಿಗೆ ಹೋದರು ಅಂತ ಅತ್ತದ್ದು ಸುಮ್ಮನೆಯೇ ಅಂದರು. ಧ್ವನಿ ಸ್ವಲ್ಪ ಏರಿತ್ತು.

ನಾನು ಅಪ್ಪನ ಪರ ನಿಲ್ಲಲು ಹೊರಟೆ. ಪುಟ್ಟಣ್ಣನವರೇ ಇದೇ ಕಥೆಯನ್ನು ಹಿಂದಿಯಲ್ಲಿ ರಿಷಿ ಕಪೂರ್ ಅವರನ್ನು ಹಾಕಿಕೊಂಡು ‘ಜಹರೀಲಾ ಇನ್ಸಾನ್’ ಅಂತ ತೆಗೆದರು, ಅದು ಓಡಲಿಲ್ಲ. ನಿರ್ದೇಶಕ ಅದೇ, ಕಥೆ ಅದೇ. ಇಲ್ಲಿ ಇದ್ದು ಅಲ್ಲಿ ಇಲ್ಲದಿದ್ದದ್ದು ಅಶ್ವಥ್, ಅಂದೆ. ಅವರು “ರಾಮಾಚಾರಿ” ಅಂತ ಕರೆಯುವುದರಲ್ಲೇ ಒಬ್ಬ ಅಪ್ಪ ಇದ್ದಾನೆ.

“ಅದನ್ನೇ ನಾನೂ ಹೇಳ್ತಿರೋದು ಮಾಮ,” ಅಂದಳು. “ಅಷ್ಟು ಚೆನ್ನಾಗಿ ಮಾಡಿದ್ದಾರೆ. ಅದಕ್ಕೇ ಮೇಷ್ಟ್ರು ಮಾಡಿದ ತಪ್ಪು ಯಾರ ಕಣ್ಣಿಗೂ ಬೀಳಲ್ಲ.”

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ತರಾಸು ಅವರ ಮೂರೂ ಕಾದಂಬರಿಗಳನ್ನು, ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ವನ್ನು, ನಾನು ಕಾಲೇಜು ದಿನಗಳಲ್ಲಿ ಲೈಬ್ರರಿಯಿಂದ ತಂದು ಓದಿದ್ದೆ. ಮೂರನ್ನೂ ಸೇರಿಸಿ ಪುಟ್ಟಣ್ಣ ಮಾಡಿದ ಸಿನಿಮಾ ತರಾಸು ಅವರಿಗೆ ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿದರು ಅಂತ ಅವರು ನೊಂದುಕೊಂಡ ಮಾತು ನಾಡಿಗೆಲ್ಲ ಗೊತ್ತು. ನನಗೆ ಹಾಗನ್ನಿಸಿಲ್ಲ. ಕೊನೆಯ ದೃಶ್ಯ ನೋಡಿ. ಬೆಟ್ಟದ ಮೇಲೆ ರಾಮಾಚಾರಿ ಅದೇ ಮೇಷ್ಟ್ರಿಗೆ ಎದುರು ನಿಂತು ಅಲಮೇಲುವಿನ ಲೆಕ್ಕ ಕೇಳುತ್ತಾನೆ. ಮೇಷ್ಟ್ರು ಕೆಳಗೆ ಬಿದ್ದು ಸಾಯುತ್ತಾರೆ, ಅವರ ಹಿಂದೆ ಅವನೂ ಮಾರ್ಗರೆಟ್ಟೂ. ಮೇಷ್ಟ್ರು ತಪ್ಪಿದರು ಅಂತ ಪುಟ್ಟಣ್ಣನವರಿಗೆ ಗೊತ್ತಿತ್ತು, ಅದನ್ನು ಬಂಡೆಯ ಮೇಲೇ ಬರೆದಿಟ್ಟಿದ್ದಾರೆ. ಮೇಷ್ಟ್ರನ್ನು ಪೂಜೆಗೆ ಕೂರಿಸಿದವರು ನಾವು. ಇಷ್ಟನ್ನೂ ನಾನು ದೋಸೆ ಆರುವವರೆಗೆ ಹೇಳಿದೆ. ಈಗಲೂ ನನ್ನ ಅಭಿಪ್ರಾಯ ಅದೇ. ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಸಿನಿಮಾ ನಾನು ನೋಡಿಲ್ಲ.

ಅಪ್ಪ ತುಂಬ ಹೊತ್ತು ಚಟ್ನಿಯ ಬಟ್ಟಲನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, “ನಿಂಗೆ ಜ್ಞಾಪಕ ಇದ್ಯಾ, ನೀನು ನಾಲ್ಕನೇ ಕ್ಲಾಸಿದ್ದಾಗ ಒಬ್ಬ ಹುಡುಗ ಮನೆಗೆ ಬರ್ತಿದ್ದ?” ಅಂದರು.

ಜ್ಞಾಪಕ ಇತ್ತು. ಅಪ್ಪನ ಹಳೆಯ ವಿದ್ಯಾರ್ಥಿ. ನನಗೆ ಗಾಳಿಪಟಕ್ಕೆ ಸೂತ್ರ ಕಟ್ಟಿಕೊಡುತ್ತಿದ್ದ. ಒಂದು ಸಂಜೆ ನಡುಮನೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅಮ್ಮ ಕೊಟ್ಟ ಕಾಫಿ ಅವನ ಮುಂದೆ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಆಮೇಲೆ ಅವನು ಬರಲಿಲ್ಲ. ಯಾಕೆ ಅಂತ ನಾನು ಕೇಳಿರಲಿಲ್ಲ.

“ಬೇರೆ ಜಾತಿ ಹುಡುಗಿ. ಅವರಪ್ಪ ಅಮ್ಮ ನನ್ನ ಹತ್ರ ಬಂದು ಅತ್ತರು. ನಿಮ್ಮ ಮಾತು ಮೀರಲ್ಲ ಮೇಷ್ಟ್ರೇ, ನೀವೇ ಹೇಳಿ ಅಂದ್ರು. ಹೇಳ್ದೆ. ಕೇಳ್ದ.” ಸ್ವಲ್ಪ ತಡೆದು, “ಆ ಹುಡುಗಿ ಹೆಸರು ಕೂಡ ನಾನು ಕೇಳಿರಲಿಲ್ಲ ಕಣಮ್ಮ” ಅಂದರು. ಇದನ್ನು ನನಗಲ್ಲ, ಮೊಮ್ಮಗಳಿಗೆ ಹೇಳಿದ್ದು.

ಅವಳು ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ತಾತನ ಕೈ ಮೇಲೆ ಕೈ ಇಟ್ಟಳು. ವಾದ ಅಲ್ಲಿಗೆ ನಿಂತಿತು. ಅಮ್ಮ ಎಲ್ಲರಿಗೂ ಇನ್ನೊಂದು ಸಲ ಕಾಫಿ ಹೇಳಿದರು.

ನಾಲ್ಕು ದಿನ ಬಿಟ್ಟು ಅಪ್ಪ ಒಬ್ಬರೇ ಮ್ಯಾಟಿನಿಗೆ ಹೋಗಿ ಮತ್ತೊಮ್ಮೆ ನೋಡಿಕೊಂಡು ಬಂದರು. ಹೇಗಿತ್ತು ಅಂದೆ.

“ಈ ಸಲ ಆರತೀನೇ ನೋಡ್ತಿದ್ದೆ ಕಣೋ,” ಅಂದರು ಚಪ್ಪಲಿ ಬಿಡುತ್ತಾ. “ಆಗ ನಾಲ್ಕು ಸಲ ನೋಡಿದ್ರೂ ಆ ಮುಖ ನೋಡೇ ಇರಲಿಲ್ಲ.”