ಬೆಳಗಿನ ಹಾಲು ಒಡೆಯುತ್ತಿದ್ದುದೇಕೆ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಹಾಲು ಆಗಾಗ ಒಡೆಯುತ್ತಿತ್ತು. ದಿನವೂ ಒಡೆದಿದ್ದರೆ ಅಂಗಡಿ ಬದಲಾಯಿಸಿ ಸುಮ್ಮನಾಗುತ್ತಿದ್ದೆವೇನೋ. ಆದರೆ ಇವತ್ತು ಒಲೆಯ ಮೇಲಿಟ್ಟ ಐದು ನಿಮಿಷಕ್ಕೆ ಚೂರುಚೂರಾಗಿ ತೇಲಿದ ಹಾಲು, ನಾಳೆ ಅದೇ ಅಂಗಡಿಯ ಅದೇ ಬಗೆಯ ಪ್ಯಾಕೆಟ್ಟಿನದಾದರೂ, ಕೆನೆಗಟ್ಟಿ ಸೊಗಸಾಗಿ ಉಕ್ಕಿ ಬರುತ್ತಿತ್ತು. ನಷ್ಟವೆಂದರೆ ಅರ್ಧ ಲೀಟರ್ ಹಾಲು ಮತ್ತು ಬೆಳಗಿನ ಮೊದಲ ಕಾಫಿ, ಅಷ್ಟೇ. ಆದರೂ ಕಾರಣ ತಿಳಿಯದ ಸಣ್ಣ ತೊಂದರೆ ದೊಡ್ಡ ತೊಂದರೆಗಿಂತ ಹೆಚ್ಚು ತಲೆ ತಿನ್ನುತ್ತದೆ ಎಂಬುದು ಆ ತಿಂಗಳುಗಳಲ್ಲಿ ನನಗೆ ಚೆನ್ನಾಗಿ ಅರಿವಾಯಿತು.

ನಮ್ಮದು ದಾವಣಗೆರೆ. ಮಾವನವರು ನಸುಕಿನಲ್ಲೇ ಎದ್ದು, ಡಿಕಾಕ್ಷನ್ ಇಳಿಸಿ, ತಮ್ಮ ಕಾಫಿಯನ್ನು ತಾವೇ ಮಾಡಿಕೊಳ್ಳುವವರು. ಫ್ರಿಜ್ಜಿನಿಂದ ತೆಗೆದ ಹಾಲಿನ ಕಾಫಿ ಅವರಿಗೆ ಒಗ್ಗುವುದಿಲ್ಲ. ಹಾಗಾಗಿ ರಾತ್ರಿ ಊಟಕ್ಕೆ ಮುಂಚೆ ಅರ್ಧ ಲೀಟರ್ ಹಾಲು ಕಾಯಿಸಿ, ಊಟದ ಮೇಜಿನ ಮೇಲೆ ಫ್ಯಾನಿನ ಗಾಳಿಗೆ ಆರಲು ಬಿಟ್ಟು, ಮಲಗುವ ಮುನ್ನ ಮುಚ್ಚಳ ಹಾಕಿ ಅಡುಗೆಮನೆಯ ಕಟ್ಟೆಯ ಮೇಲೆ ಇಡುವುದು ನಮ್ಮಲ್ಲಿ ರೂಢಿ. ಚೆನ್ನಾಗಿ ಕುದಿಸಿ ಮುಚ್ಚಿಟ್ಟ ಹಾಲು ಬೇಸಿಗೆಯಲ್ಲೂ ಬೆಳಗಿನವರೆಗೆ ತಡೆಯುತ್ತದೆ. ನನ್ನ ತವರಿನಲ್ಲಿ ಫ್ರಿಜ್ ಬರುವ ಮೊದಲು ಹಾಗೇ ನಡೆದಿತ್ತು.

ಹಾಲು ಒಡೆದಾಗ ಮೊದಲು ಕೂಗುತ್ತಿದ್ದವರು ಮಾವನವರೇ. ಅವರ ಪ್ರಕಾರ ತಪ್ಪು ಅಂಗಡಿಯವನದು: ಕರೆಂಟಿನ ಬಿಲ್ಲು ಉಳಿಸಲು ಅವನು ರಾತ್ರಿ ಫ್ರಿಜ್ ಆರಿಸುತ್ತಾನೆ. ನನ್ನ ಗಂಡನ ಅನುಮಾನ ಪಾತ್ರೆಯ ಮೇಲೆ. ಅಂಚಿನ ಮಡಿಕೆಯೊಳಗೆ ಹಳೆಯ ಹಾಲು ಸೇರಿಕೊಂಡು ಹುಳಿಯುತ್ತದೆ ಎಂದು ಅವರು ಮಡಿಕೆಯಿಲ್ಲದ ಹೊಸ ಪಾತ್ರೆಯನ್ನೇ ತಂದರು. ನಾನು ನಿಂಬೆಯ ವಾಸನೆಯ ಸೋಪನ್ನು ದೂರಿ, ಪಾತ್ರೆಯನ್ನು ಬಿಸಿನೀರಿನಲ್ಲಿ ಗಲಬರಿಸಲು ಶುರುಮಾಡಿದೆ. ಮನೆಗೆಲಸಕ್ಕೆ ಬರುವಾಕೆ ಬೇರೆಯೇ ಒಂದು ಸಂಗತಿಯನ್ನು ಗಮನಿಸಿದ್ದಳು. ಮನೆಗೆ ನೆಂಟರು ಬಂದು ಹೋದ ಮರುದಿನ ಹಾಲು ಒಡೆಯುವುದಿಲ್ಲ, ಅದು ಅವರ ಕಾಲ್ಗುಣ ಎಂದು ಅವಳು ಹೇಳಿದಾಗ ನಾವೆಲ್ಲ ನಕ್ಕಿದ್ದೆವು. ಆಕೆಯ ಕಾರಣ ಏನೇ ಇರಲಿ, ನಮ್ಮೆಲ್ಲರಲ್ಲಿ ಸರಿಯಾಗಿ ಗಮನಿಸಿದ್ದವಳು ಅವಳೊಬ್ಬಳೇ.

ಅಂಗಡಿಯವನನ್ನು ನಾನು ಮೊದಲೇ ಬಿಟ್ಟುಬಿಡಬೇಕಿತ್ತು. ಡೈರಿಯಲ್ಲಿ ಪ್ಯಾಕೆಟ್ ಹಾಲನ್ನು ಸಾಮಾನ್ಯವಾಗಿ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ತಣಿಸುತ್ತಾರೆ. ಇದರಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ಹಾಲನ್ನು ಕೆಡಿಸುವ ಎಲ್ಲ ಜೀವಾಣುಗಳೂ ಸಾಯುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ತಂಪು ತಪ್ಪಿದರೆ ಪ್ಯಾಕೆಟ್ಟಿನೊಳಗೇ ಹುಳಿ ಹುಟ್ಟುವುದು ಸಾಧ್ಯ. ಆದರೆ ಹಾಗಾಗಿದ್ದರೆ ಹಾಲು ರಾತ್ರಿಯ ಮೊದಲ ಕಾಯಿಸುವಿಕೆಯಲ್ಲೇ ಒಡೆಯಬೇಕು. ನಮ್ಮ ಹಾಲು ಆಗ ಒಡೆಯದೆ, ರಾತ್ರಿ ಕಳೆದು ಎರಡನೆಯ ಸಲ ಒಲೆ ಏರಿದಾಗ ಮಾತ್ರ ಒಡೆಯುತ್ತಿತ್ತು. ಅಂದರೆ ಎರಡು ಕುದಿಗಳ ನಡುವೆ, ನಮ್ಮ ಮನೆಯ ಒಳಗೇ, ಏನೋ ಆಗುತ್ತಿತ್ತು.

ಸುಳಿವು ಸಿಕ್ಕಿದ್ದು ನನ್ನ ಅಮ್ಮನಿಂದ. ಅವರು ನಮ್ಮಲ್ಲಿಗೆ ಬಂದಿದ್ದ ಒಂದು ಭಾನುವಾರ ಎಲ್ಲರೂ ತಡವಾಗಿ ಎದ್ದೆವು. ಮಾವನವರು ಆ ದಿನ ಹೊರಗೆ ಹೋಗಿದ್ದರಿಂದ ಹಾಲನ್ನು ಯಾರೂ ಮುಟ್ಟಿರಲಿಲ್ಲ. ಮುಚ್ಚಳ ತೆಗೆದರೆ ಹಾಲು ಅರೆಬರೆ ಗಟ್ಟಿಯಾಗಿ ಕುಳಿತಿತ್ತು. ನಾನು ಚೆಲ್ಲಲು ಹೊರಟಾಗ ಅಮ್ಮ ತಡೆದು, ಮೂಸಿ, ತುದಿಬೆರಳಿನಿಂದ ನೆಕ್ಕಿ ನೋಡಿದರು. "ಇದು ಕೆಟ್ಟ ಹಾಲಲ್ಲ ಕಣೇ, ಯಾರೋ ಹೆಪ್ಪು ಹಾಕಿದ ಹಾಲು" ಎಂದರು. ತಾನಾಗಿ ಕೆಟ್ಟ ಹಾಲಿಗೆ ಒಂದು ಕಹಿ, ಒಂದು ಮುಗ್ಗು ವಾಸನೆ ಇರುತ್ತದೆ. ಇದಕ್ಕೆ ಎಳೆಯ ಮೊಸರಿನ ಶುದ್ಧವಾದ ವಾಸನೆಯಿತ್ತು. ಮೊಸರಿಗೆಂದು ನಾನು ಹೆಪ್ಪು ಹಾಕಿದ್ದ ಪಾತ್ರೆ ಬೇರೆಯೇ ಇತ್ತು. ಅದು ಅಲ್ಲೇ ಪಕ್ಕದಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು.

ಅಮ್ಮನ ಮಾತು ನಿಜವಾದರೆ ಉಳಿದದ್ದೆಲ್ಲ ತಾಳೆಯಾಗುತ್ತಿತ್ತು. ತಾಜಾ ಹಾಲಿನ ಪಿಎಚ್ ಸುಮಾರು 6.6ರಿಂದ 6.8ರವರೆಗೆ ಇರುತ್ತದೆ. ಮೊಸರಿನ ಬ್ಯಾಕ್ಟೀರಿಯಾಗಳು ಹಾಲಿನ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತ ಹೋದಂತೆ ಅದು ಇಳಿಯುತ್ತದೆ, 4.6ರ ಹತ್ತಿರ ಬಂದಾಗ ಕೇಸೀನ್ ಎಂಬ ಪ್ರೋಟೀನು ಬಿಸಿಯ ಹಂಗಿಲ್ಲದೆ ತಾನಾಗಿಯೇ ಹೆಪ್ಪುಗಟ್ಟುತ್ತದೆ. ಆದರೆ ಕುದಿಯುವ ಬಿಸಿ ಸೇರಿದರೆ ಅಷ್ಟು ಕೆಳಗೆ ಇಳಿಯಬೇಕಾಗಿಲ್ಲ. ಸ್ವಲ್ಪವೇ ಹುಳಿಯೇರಿದ ಹಾಲು, ಎಷ್ಟೋ ಸಲ ಮೂಗಿಗೂ ನಾಲಿಗೆಗೂ ಅದು ತಿಳಿಯುವ ಮೊದಲೇ, ಒಲೆಯ ಮೇಲೆ ಒಡೆದುಹೋಗುತ್ತದೆ. ಡೈರಿಗಳಲ್ಲಿ ಹಾಲು ಕೊಳ್ಳುವಾಗ ಒಂದು ಪುಟ್ಟ ಗಾಜಿನ ನಳಿಗೆಯಲ್ಲಿ ಸುಮಾರು 5 ಮಿಲಿಲೀಟರ್ ಹಾಲು ಕುದಿಸಿ ನೋಡುವ ಪರೀಕ್ಷೆಯ ಹಿಂದೆ ಇರುವುದೂ ಇದೇ ಗುಣ. ನಾವು ಅದೇ ಪರೀಕ್ಷೆಯನ್ನು ದಿನವೂ ಅರ್ಧ ಲೀಟರಿನಲ್ಲಿ ಮಾಡುತ್ತಿದ್ದೆವು, ಅಷ್ಟೇ. ಎರಡನೆಯ ಸಲ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ನಿಜ. ಆದರೆ ರಾತ್ರಿಯಿಡೀ ಅದು ಹುಟ್ಟಿಸಿಟ್ಟ ಆಮ್ಲ ಎಲ್ಲಿಗೂ ಹೋಗುವುದಿಲ್ಲ.

ಹಾಗಾದರೆ ಹೆಪ್ಪು ಹಾಕುತ್ತಿದ್ದವರು ಯಾರು? ಅಂದು ರಾತ್ರಿ ಊಟಕ್ಕೆ ಕುಳಿತಾಗ ನಾನು ಹಾಲಿನ ಪಾತ್ರೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಸಾರನ್ನವಾಯಿತು, ಪಲ್ಯವಾಯಿತು. ಮಾವನವರು ತಟ್ಟೆಯಲ್ಲಿ ಕೊನೆಯ ಅನ್ನವನ್ನು ಕಲಸಿಕೊಂಡು ಮೊಸರು ಬಡಿಸಿಕೊಂಡರು. ಒಂದು ತುತ್ತು ತಿಂದು ಮುಖ ಸ್ವಲ್ಪ ಹಿಂಡಿದರು. ಮಾತು ಗಂಡನ ಜೊತೆ, ಊರಿನ ತೋಟದ ಬೋರ್‌ವೆಲ್ಲಿನ ಬಗ್ಗೆ ನಡೆದೇ ಇತ್ತು. ಮಾತು ನಿಲ್ಲಿಸದೆ, ಕಣ್ಣು ಅತ್ತ ಹೊರಳಿಸದೆ, ಮೊಸರಿನ ಪಾತ್ರೆಯಲ್ಲಿದ್ದ ಚಮಚವನ್ನು ಎತ್ತಿ, ಪಕ್ಕದಲ್ಲಿ ಆರುತ್ತಿದ್ದ ಹಾಲಿನೊಳಗೆ ಅದ್ದಿ, ಎರಡು ಚಮಚ ಹಾಲನ್ನು ಅನ್ನಕ್ಕೆ ಸುರಿದುಕೊಂಡು, ಚಮಚವನ್ನು ಮೊಸರಿಗೇ ಮರಳಿಸಿದರು. ಹುಳಿ ಮೊಸರಿಗೆ ನಾಲ್ಕು ಹನಿ ಹಾಲು ಬೆರೆಸಿ ಉಣ್ಣುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ, ನಾನೂ ಮಾಡುತ್ತೇನೆ. ಸೊಸೆಯಾದ ನಾನು ಅದನ್ನು ಹೇಗೆ ಹೇಳಲಿ ಎಂದು ಯೋಚಿಸುತ್ತಿರುವಾಗ, ಅವರು ಇನ್ನೊಮ್ಮೆ ಚಮಚ ಎತ್ತಿದರು. ಮಗಳು ಅಷ್ಟೆಲ್ಲ ಯೋಚಿಸುವವಳಲ್ಲ.

"ತಾತ, ಮೊಸರಿನ ಚಮಚ ಹಾಲಿಗೆ ಹಾಕಿದ್ರಿ!"

"ನಾನೆಲ್ಲಿ ಹಾಕಿದೆ?" ಎಂದರು ಮಾವನವರು. ಚಮಚ ಆಗಲೂ ಹಾಲಿನೊಳಗೇ ಇತ್ತು.

ಅವರು ಸುಳ್ಳು ಹೇಳಲಿಲ್ಲ ಎಂದು ನನಗೆ ಖಾತ್ರಿಯಿದೆ. ಆ ಕೈ ಅವರ ಗಮನಕ್ಕೆ ಬರದೆ ಕೆಲಸ ಮಾಡುತ್ತಿತ್ತು. ಒಂದು ಗ್ರಾಂ ಮೊಸರಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತದೆ, ಚಮಚದ ಬೆನ್ನಿಗೆ ಅಂಟಿದಷ್ಟೇ ಸಾಕು. ಹಾಲು ಉಗುರುಬೆಚ್ಚಗಿರುವ ಹೊತ್ತು, ಮುಂದೆ ಇಡೀ ರಾತ್ರಿಯ ಸೆಕೆ: ಹೆಪ್ಪು ಹಾಕುವವರು ಬಯಸುವುದೂ ಇದನ್ನೇ. ಹೆಪ್ಪು ಕಡಿಮೆಯಾದ್ದರಿಂದ ನಸುಕಿನ ಹೊತ್ತಿಗೆ ಮೊಸರಾಗುವಷ್ಟು ಆಗುತ್ತಿರಲಿಲ್ಲ, ಕಾಯಿಸಿದರೆ ಒಡೆಯುವಷ್ಟು ಮಾತ್ರ ಹುಳಿಯೇರುತ್ತಿತ್ತು.

ಸೆಕೆಯ ಮೇಲೆ ನಾವೆಲ್ಲ ಅಷ್ಟು ದಿನ ಅನುಮಾನ ಪಟ್ಟದ್ದಕ್ಕೂ ಉತ್ತರ ಇಲ್ಲೇ ಇತ್ತು. ಮಾವನವರು ಹಾಲು ಬೆರೆಸಿಕೊಳ್ಳುವುದು ಮೊಸರು ಹುಳಿಯಾದ ದಿನ ಮಾತ್ರ. ಮೊಸರು ಹುಳಿಯುವುದು ಬಿಸಿಲು ಏರಿದ ದಿನ, ಕರೆಂಟು ಹೋಗಿ ಫ್ರಿಜ್ ನಿಂತ ದಿನ. ಹಾಗಾಗಿ ಹಾಲು ಒಡೆದಾಗಲೆಲ್ಲ ಹಿಂದಿನ ದಿನದ ಸೆಕೆಯೋ ಕರೆಂಟೋ ನೆನಪಿಗೆ ಬರುತ್ತಿತ್ತು, ಬೆರಳು ಅತ್ತಲೇ ಹೋಗುತ್ತಿತ್ತು. ನೆಂಟರ ಕಾಲ್ಗುಣವೂ ಬಗೆಹರಿಯಿತು: ನೆಂಟರು ಬಂದಾಗ ಹಳೆಯ ಮೊಸರು ಖರ್ಚಾಗಿ ರಾತ್ರಿಗೆ ಸಿಹಿಯಾದ ಹೊಸ ಮೊಸರು ಇರುತ್ತಿತ್ತು, ಅದಕ್ಕೆ ಹಾಲು ಬೇಕಾಗುತ್ತಿರಲಿಲ್ಲ.

ಇದು ಹಿಂದಿನ ಬೇಸಿಗೆಗಳಲ್ಲಿ ಏಕೆ ಆಗಲಿಲ್ಲ ಎಂಬುದು ಮಾತ್ರ ಸ್ವಲ್ಪ ತಡವಾಗಿ ಹೊಳೆಯಿತು. ಅತ್ತೆಯವರು ಇದ್ದಷ್ಟು ಕಾಲ ಮಾವನವರಿಗೆ ಬಡಿಸುತ್ತಿದ್ದವರು ಅವರೇ. ಮೊಸರಿಗೆ ಒಂದು ಸೌಟು, ಹಾಲಿಗೆ ಒಂದು ಪುಟ್ಟ ಲೋಟ. ಅವರ ಮಟ್ಟಿಗೆ ಅದು ಮುಸುರೆಯ ಲೆಕ್ಕ, ಅನ್ನಕ್ಕೆ ತಾಗಿದ ಕೈಯಾಗಲಿ ಚಮಚವಾಗಲಿ ಹಾಲಿನ ಪಾತ್ರೆಯ ಹತ್ತಿರ ಸುಳಿಯುವಂತಿರಲಿಲ್ಲ. ಮಡಿ-ಮುಸುರೆಯ ವಿಷಯದಲ್ಲಿ ನನಗೂ ಅವರಿಗೂ ಎಂದೂ ಹೊಂದಿಕೆಯಾಗಲಿಲ್ಲ, ಈಗಲೂ ಅದರ ಬಹುಪಾಲು ನನಗೆ ಬೇಡ. ಆದರೆ ಹಾಲು ಉಳಿಯುತ್ತಿತ್ತು ಎಂಬುದು ನಿಜ. ಅವರು ತೀರಿಕೊಂಡ ಮೇಲೆ ನಾವು ಎಲ್ಲವನ್ನೂ ಮೇಜಿನ ಮೇಲಿಟ್ಟು ಅವರವರೇ ಬಡಿಸಿಕೊಳ್ಳುವ ಪದ್ಧತಿಗೆ ಬಂದೆವು. ಹಾಲು ಬೆರೆಸಿಕೊಳ್ಳುವ ಅಭ್ಯಾಸ ಮಾವನವರಲ್ಲಿ ಉಳಿಯಿತು, ಲೋಟ ಕೊಡುವವರು ಉಳಿಯಲಿಲ್ಲ.

ಮಾವನವರು ಸುಲಭಕ್ಕೆ ಒಪ್ಪುವವರಲ್ಲ. ಅವರದೇ ಸೂಚನೆಯಂತೆ ಒಂದೇ ಪ್ಯಾಕೆಟ್ಟಿನ ಹಾಲನ್ನು ಕಾಯಿಸಿ ಎರಡು ಪಾತ್ರೆಗಳಿಗೆ ಹಂಚಿ, ಒಂದಕ್ಕೆ ಮೊಸರಿನ ಚಮಚವನ್ನು ಅದ್ದಿ ತೆಗೆದು, ಎರಡನ್ನೂ ಕಟ್ಟೆಯ ಮೇಲೆ ಮುಚ್ಚಿಟ್ಟೆವು. ಬೆಳಗ್ಗೆ ಅವರೇ ಎರಡು ಒಲೆ ಹಚ್ಚಿದರು. ಚಮಚ ಕಂಡ ಹಾಲು ಅಂಚಿನಲ್ಲಿ ಗುಳ್ಳೆ ಬರುವ ಮುನ್ನವೇ ಒಡೆಯಿತು, ಇನ್ನೊಂದು ಉಕ್ಕಿತು. ಅವರು ಉಕ್ಕಿದ ಹಾಲಿನಲ್ಲಿ ಕಾಫಿ ಮಾಡಿಕೊಂಡು, "ಅಂಗಡಿಯವನೂ ಫ್ರಿಜ್ ಆರಿಸೋದು ಸುಳ್ಳಲ್ಲಮ್ಮ" ಎಂದಷ್ಟೇ ಹೇಳಿದರು. ಈಗ ಅವರ ತಟ್ಟೆಯ ಪಕ್ಕ ಒಂದು ಲೋಟದಲ್ಲಿ ಹಾಲು ಇರುತ್ತದೆ, ದೊಡ್ಡ ಪಾತ್ರೆ ಮೇಜಿಗೆ ಬರುವುದೇ ಇಲ್ಲ. ಹುಳಿ ಮೊಸರಿನ ದಿನ ಅವರ ಚಮಚ ಲೋಟಕ್ಕೆ ಇಳಿದು ಮೊಸರಿಗೆ ಮರಳುತ್ತದೆ, ಮಾತು ಎಂದಿನಂತೆ ಬೋರ್‌ವೆಲ್ಲಿನ ಬಗ್ಗೆ ನಡೆದಿರುತ್ತದೆ. ಲೋಟದಲ್ಲಿ ಉಳಿದದ್ದನ್ನು ನಾನು ಮರುದಿನದ ಹೆಪ್ಪಿನ ಪಾತ್ರೆಗೆ ಸುರಿಯುತ್ತೇನೆ.